ಕಿಟ್ ಬ್ಯಾಗ್ ಇನ್ನೂ ನಮ್ಮಲ್ಲೇ ಇದೆ

ಲೂಕನ್, ಐರ್ಲೆಂಡ್
ಸೋಮವಾರ, ೧೦ ಆಗಸ್ಟ್ ೨೦೨೦

ಕಿಲ್ಕೆನ್ನಿಯಲ್ಲಿರುವ ನನ್ನ ಡಾಕ್ಟರ್ ಯಜಮಾನರಿಗೆ,

ನಿಮ್ಮ ವಿನೋದಿನಿಯ ನಮಸ್ಕಾರ. ಫೋನಿನಲ್ಲಿ ಹೇಳಿದರೆ ನೀವು "ಆಯ್ತು ಬಿಡು" ಎಂದು ಮುಗಿಸಿಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನಡುವೆ ಬಾಯಿ ಹಾಕಿ ನಿಲ್ಲಿಸಲು ನಿಮ್ಮಿಂದ ಆಗುವುದಿಲ್ಲ.

ಗುರುವಾರ ನೀವು "ವಿನು, ಆ ಕಿಟ್ ಬ್ಯಾಗ್ ಸಂಪತ್‌ಗೆ ಕೊಟ್ಬಿಡು, ಯಾವುದಾದ್ರೂ ಸ್ಕೂಲಿಗೆ ಕೊಡ್ಲಿ. ಟೀಮ್ ಸಾಕು. ಆಡಿ ಏನಾಗ್ಬೇಕಿದೆ?" ಅಂದಿರಿ. ನಾಲ್ಕು ವರ್ಷದಿಂದ ನಾನು ಬಡಿದುಕೊಂಡಿದ್ದೂ ಇದನ್ನೇ. ನ್ಯಾಯವಾಗಿ ನಾನು ಅವತ್ತು ಪಾಯಸ ಮಾಡಬೇಕಿತ್ತು. ಆದರೆ ಫೋನಿಟ್ಟವಳು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ನಿಮ್ಮ ಗಂಡಭೇರುಂಡ ಬೇಸ್‌ಬಾಲ್ ತಂಡ! ಆ ಆಟದ ಗಂಧಗಾಳಿಯೂ ಇಲ್ಲದ ಮೈಸೂರು, ಬೆಂಗಳೂರಿನ ಹತ್ತು ಜನ ನಡುವಯಸ್ಸಿನವರನ್ನು ಸೇರಿಸಿ, "ಬ್ಯಾಟು ಬಾಲು ಎರಡೂ ಇದೆ ತಾನೆ, ನಮ್ಗೆ ಬರದೇ ಇರುತ್ತಾ?" ಎಂದಿರಿ. ಬರಲಿಲ್ಲ. ನಾಲ್ಕು ವರ್ಷದಲ್ಲಿ ಗೆದ್ದದ್ದು ಒಂದೇ ಸಲ, ಅದೂ ಎದುರಾಳಿಗಳ ವ್ಯಾನ್ ಕೆಟ್ಟು ಅವರು ಬರದೇ ಹೋದ ದಿನ. ಎರಡು ತಲೆಯ ಹಕ್ಕಿಯ ಹೆಸರಿಟ್ಟಿರಿ, ಒಂದು ತಲೆಯಾದರೂ ಚೆಂಡಿನ ಕಡೆ ನೋಡಲಿಲ್ಲ. ಭಾನುವಾರ ಬಂತೆಂದರೆ ಆ ಗಾಳಿಯಲ್ಲಿ ಫ್ಲಾಸ್ಕ್ ಹಿಡಿದು ಕೂತು ಈ ತಂಡಕ್ಕೆ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ. ವಾಪಸ್ ಬರುವಾಗ ಕಾರಿನಲ್ಲಿ ನಿಮ್ಮದು ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗದ ಕಥೆ: "ಹೋದ ವಾರ ಇಪ್ಪತ್ತೆರಡು ರನ್ನಿಂದ ಸೋತ್ವಿ, ಈ ವಾರ ಹತ್ತೊಂಬತ್ತೇ. ನೋಡ್ತಿರು, ದಾರಿಗೆ ಬರ್ತಿದ್ದೀವಿ." ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾರ್ಚ್‌ನಲ್ಲಿ ಕೊರೊನಾ ಬಂದಾಗ, ಅತ್ತೆಯವರ ಉಬ್ಬಸಕ್ಕೆ ಹೆದರಿ, ನೀವು ವಾರಾಂತ್ಯಕ್ಕೂ ಮನೆಗೆ ಬರುವುದನ್ನು ನಿಲ್ಲಿಸಿದಿರಿ. ಏಪ್ರಿಲ್‌ನಲ್ಲಿ ಆಸ್ಪತ್ರೆಯಲ್ಲಿ ಊಟಕ್ಕೂ ಪುರುಸೊತ್ತಿಲ್ಲದಾಗ ಕೂಡ ಎರಡು ನಿಮಿಷ ಫೋನ್ ಮಾಡಿ, ಲಾಕ್‌ಡೌನ್ ಮುಗಿದ ಮೇಲೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತಿದ್ದಿರಿ. ಹುಚ್ಚು ಎಂದು ಬೈದೆ. ಈಗ ವಾರ್ಡು ಖಾಲಿಯಾಗಿದೆ, ಆಟ ಮತ್ತೆ ಶುರುವಾಗಿದೆ, ನೀವು ಮಾತ್ರ ಬತ್ತಿಹೋಗಿದ್ದೀರಿ. ಅಲ್ಲಿ ಎಷ್ಟು ಜನರ ಕೈ ಹಿಡಿದು ಕೂತಿರೋ, ಎಷ್ಟು ಮನೆಗಳಿಗೆ ಫೋನ್ ಮಾಡಿ ಆ ಸುದ್ದಿ ಹೇಳಿದಿರೋ, ನೀವು ಬಾಯಿಬಿಡಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಸೋಲುವುದರಲ್ಲಿ ಇಷ್ಟು ಪಳಗಿದ ಮನುಷ್ಯನೇ ಕೈಚೆಲ್ಲಿದನೆಂದರೆ ಒಳಗೆ ಏನೋ ದೊಡ್ಡದೇ ಮುರಿದಿದೆ ಎಂದು ನನಗೆ ಭಯವಾಯಿತು.

ಆದರೂ ನಿಮ್ಮ ಮಾತು ಮೀರಬಾರದೆಂದು ನಿನ್ನೆ ಬ್ಯಾಗ್ ಹೊತ್ತು ಮೈದಾನಕ್ಕೆ ಹೋದೆ. ನಿಮ್ಮ ಉಪನಾಯಕ ಸಂಪತ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಒಂಬತ್ತು ಜನ ಇಲ್ಲದಿದ್ದರೆ ಆಡದೆಯೇ ಸೋಲು. "ಎಂಟೇ ಜನ ಇರೋದು ಅಕ್ಕಾ. ನೀವೇ ಬನ್ನಿ. ಆ ಮೂಲೇಲಿ ಸುಮ್ನೆ ನಿಂತ್ಕೊಳಿ, ಅಲ್ಲಿಗೆ ಬಾಲ್ ಬರಲ್ಲ" ಅಂದ. ಮೊದಲನೇ ಬಾಲೇ ಅಲ್ಲಿಗೆ ಬಂತು. ಅದರ ಕಥೆ ಬೇಡ.

ನಾನು ಬ್ಯಾಟ್ ಹಿಡಿದಾಗ ಸಂಪತ್ ಮೂರನೇ ಬೇಸಿನಲ್ಲಿದ್ದ. ಅಲ್ಲಿಂದ ನಾನಿದ್ದ ಕಡೆಗೆ ಓಡಿ ಬಂದರೆ ಒಂದು ರನ್. ಕಣ್ಣು ಮುಚ್ಚಿ ಬೀಸಿದೆ, ತಗುಲಿಬಿಟ್ಟಿತು! ಆದರೆ ಚೆಂಡು ಎಸೆದವನ ಕಾಲ ಬುಡಕ್ಕೇ ಉರುಳಿತು. ಮೈಸೂರಿನ ಬೀದಿಯಲ್ಲಿ ಅಣ್ಣಂದಿರ ಜೊತೆ ಕ್ರಿಕೆಟ್ ಆಡಿ ಬೆಳೆದ ಬುದ್ಧಿ ನೋಡಿ, ಇದರಲ್ಲಿ ರನ್ ಇಲ್ಲ ಎಂದು ನಿಂತಲ್ಲೇ ತೀರ್ಮಾನಿಸಿ, ಅಂಗೈ ಎತ್ತಿ "ಬೇಡ! ವಾಪಸ್ ಹೋಗೋ!" ಎಂದು ಕೂಗಿದೆ. ಬೇಸ್‌ಬಾಲಿನಲ್ಲಿ ಹೊಡೆದ ಮೇಲೆ ಓಡಲೇಬೇಕು, ನಾಲ್ಕು ವರ್ಷ ನೋಡಿದ ನನಗೆ ಗೊತ್ತಿಲ್ಲವೇ? ಗೊತ್ತು. ಅದಿರಲಿ, ಅರ್ಧ ದಾರಿ ಬಂದಿದ್ದ ನಿಮ್ಮ ಸಂಪತ್ ನನ್ನ ಮಾತಿಗೆ ಬೆಲೆ ಕೊಟ್ಟು ತಿರುಗಿ ಓಡಿದ! ಇಬ್ಬರೂ ಔಟ್. ಅಂಪೈರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇಲಿಯಾಚೆಯಿಂದ ನಮ್ಮ ಮಗಳು ಪ್ರೇರಣಾ ತನ್ನ ಐರಿಷ್ ರಾಗದಲ್ಲಿ "ಯೂ ವರ್ ಗ್ರ್ಯಾಂಡ್, ಅಮ್ಮಾ" ಎಂದು ಸಮಾಧಾನ ಬೇರೆ ಹೇಳಿದಳು. ಹದಿನೇಳಕ್ಕೆ ನಾಲ್ಕು. ಸೋತೆವು.

ಮನೆಗೆ ಬಂದರೆ ಕೋಪ ಇಳಿಯಲೊಲ್ಲದು. ಈ ಸಲ ನಿಮ್ಮ ಮೇಲಲ್ಲ, ಆ ಹಾಳು ಚೆಂಡಿನ ಮೇಲೆ. ನಾನು ಬಾಯಿ ಮುಚ್ಚಿಕೊಂಡು ಓಡಿದ್ದರೆ ಸಂಪತ್ ಮುಟ್ಟುತ್ತಿದ್ದ, ನಾಲ್ಕು ಐದಾಗುತ್ತಿತ್ತು. ಇವತ್ತು ಬೆಳಿಗ್ಗೆ ಕಸದ ಬಿನ್ ಹೊರಗಿಡಲು ಹೋದವಳು ನಮ್ಮ ಬಾಗಿಲಿನಿಂದ ಪಕ್ಕದ ಮನೆಯ ಕಾರಿನವರೆಗೆ ನಾಲ್ಕು ಸಲ ಓಡಿ ನೋಡಿದೆ. ಅತ್ತೆ ಕಿಟಕಿಯಿಂದ ನೋಡಿ, "ಅಯ್ಯೋ, ಇವಳಿಗೂ ಹತ್ತಿತಾ!" ಅಂದರು.

ಹತ್ತಿದೆ. ಅದಕ್ಕೇ ಬ್ಯಾಗ್ ಕೊಡದೆ ವಾಪಸ್ ತಂದೆ. ನಿಮಗೀಗ ಆಸೆ ಇಟ್ಟುಕೊಳ್ಳಲು ಆಗುತ್ತಿಲ್ಲ, ಇರಲಿ, ಬಲವಂತವಿಲ್ಲ. ಚೆನ್ನಾಗಿ ನಿದ್ದೆ ಮಾಡಿ. ಅಳು ಬಂದರೆ ಅತ್ತುಬಿಡಿ. ಹೇಳಬೇಕೆನ್ನಿಸಿದ ದಿನ ಆ ವಾರ್ಡಿನದ್ದೆಲ್ಲ ಹೇಳಿ, ಬೈಯದೆ ಕೇಳುತ್ತೇನೆ. ಅಲ್ಲಿಯವರೆಗೆ ನಿಮ್ಮ ಪಾಲಿನ ಆಸೆಯನ್ನೂ ನಾನೇ ಇಟ್ಟುಕೊಂಡಿರುತ್ತೇನೆ. ಆದರೆ ನನಗಿದು ಹೊಸ ಕೆಲಸ ಕಣ್ರೀ, ಬೇಗ ಸುಸ್ತಾಗುತ್ತದೆ. ಬಹಳ ದಿನ ನನ್ನೊಬ್ಬಳ ಮೇಲೇ ಬಿಡಬೇಡಿ.

ತಾಯಿ ಚಾಮುಂಡಿ ನಿಮ್ಮನ್ನು ಕಾಯಲಿ, ಹೊತ್ತು ಹೊತ್ತಿಗೆ ಊಟ ಮಾಡುವ ಬುದ್ಧಿ ಕೊಡಲಿ.

ನಿಮ್ಮ ಒಂಬತ್ತನೆಯ ಆಟಗಾರ್ತಿ,
ವಿನೋದಿನಿ