ಅವರ ಬನ್ನಿ ಅವರಿಗೇ

ಅಪ್ಪಾ,

ನೀನು ಶ್ರಾವಣದಲ್ಲಿ ತೀರಿಕೊಂಡದ್ದರಿಂದ ಈ ಸಲ ನಮ್ಮ ಮನೆಯಲ್ಲಿ ದಸರಾ ಇಲ್ಲ. ಸುಮ್ಮನೆ ಕೂಡಲಾಗದೆ ಇವತ್ತು ಗೆಳೆಯ ಕಲ್ಯಾಣಕುಮಾರನ ಬೈಕಿನಲ್ಲಿ ಕಲಬುರಗಿಗೆ ಹೋಗಿ ಬುದ್ಧ ವಿಹಾರ ನೋಡಿ ಬಂದೆ. ದಸರೆಯ ದಿನವೇ ಅವರಿಗೆ ಧಮ್ಮದೀಕ್ಷೆಯ ದಿನವೂ ಆದ್ದರಿಂದ ಅವನ ಮನೆಯವರೆಲ್ಲ ಬಿಳಿ ಬಟ್ಟೆಯಲ್ಲಿ ಬಂದಿದ್ದರು. ನನಗೂ ಊಟ ಹಾಕಿದರು.

ಬರುವಾಗ ನರೋಣಾದಲ್ಲಿ ಚಹಾಕ್ಕೆ ನಿಂತೆವು. ಎದುರಿನ ಬೆಂಚಿನಲ್ಲಿದ್ದ ಮುದುಕರೊಬ್ಬರು ನನ್ನನ್ನು ಕೇಳಿದರು: "ಯಾಕಲೇ, ಹಿರಿ ಮನಷ್ಯಾ ಕುಂತೇನಿ, ಬನ್ನಿ ಕೊಡಂಗಿಲ್ಲೇನು?"

"ನನ್ನ ಹತ್ರ ಇಲ್ರಿ, ಅಜ್ಜಾರ."

ಅವರು ತಮ್ಮ ಜೇಬಿನಿಂದಲೇ ಒಂದು ಹಿಡಿ ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟರು. "ತಗೋ. ಈಗ ಇವನ್ನ ನನಗ ಕೊಡು."

ಕಲ್ಯಾಣ ಚಹಾ ಚೆಲ್ಲುವಂತೆ ನಕ್ಕ. ನಾನು ಎಲೆ ಕೊಟ್ಟು, ಕಾಲು ಮುಟ್ಟಿ, ಬನ್ನಿ ಕೊಡುವಾಗ ಎಲ್ಲರೂ ಹೇಳುವಂತೆ "ಬಂಗಾರದಂಗ ಇರೂಣ್ರಿ" ಎಂದೆ.

ಹೋದ ದಸರಾದಲ್ಲಿ ನೀನು ಒಗೆದ ಅಂಗಿ ತೊಟ್ಟು, ದೀಪ ಹಚ್ಚುವ ತನಕ ಕಟ್ಟೆಯ ಮೇಲೆ ಕುಳಿತಿದ್ದೆ. ನನ್ನ ಜೇಬಿನಲ್ಲಿ ಬನ್ನಿ ಇತ್ತು. ಕಿರಿಯನಾದ ನಾನೇ ಮೊದಲು ಕೊಡಬೇಕಿತ್ತು. ಆದರೆ ನಾನು ಶಾಲೆ ಬಿಟ್ಟಾಗಿನಿಂದ ನಮ್ಮಲ್ಲಿ ಮಾತಿರಲಿಲ್ಲ. ಬಂಗಾರದಂತೆ ಇರೋಣ ಎಂದರೆ ಸುಳ್ಳಾಗುತ್ತದೆಂದು ನಿನ್ನ ಮುಂದೆಯೇ ದಾಟಿ ಹೋದೆ.

ಈ ಅಜ್ಜನ ಹೆಸರೂ ನನಗೆ ಗೊತ್ತಿಲ್ಲ. ಅವರಿಗೆ ಹೇಳುವಾಗ ಅದು ಸುಳ್ಳೆಂದು ಅನಿಸಲೇ ಇಲ್ಲ.