ಕುಬಸದ ಕಣ

ಹಳಿಯಾಳ

ಚಿ. ಸೌ. ರೂಪಾಲಿಗೆ ಅಕ್ಕನ ಆಶೀರ್ವಾದ.

ನಿನ್ನ ಏಳನೇ ತಿಂಗಳ ಕುಬಸ ಹೊಲಿದು ಅಂಬಿಕಾನಗರದ ಬಸ್ಸಿಗೆ ಕೊಟ್ಟಿದ್ದೇನೆ. ಕುಬಸದ ಕಾರ್ಯಕ್ಕೆ ಬರಲಾರೆ, ಅಂದೇ ಹುಬ್ಬಳ್ಳಿಯಲ್ಲಿ ನನ್ನ ಸ್ಕ್ಯಾನಿಂಗ್ ಇದೆ.

ಪಿಸಿಒಡಿ ಇಬ್ಬರಿಗೂ ಇತ್ತು. ಅನ್ನ ಬಿಟ್ಟವಳು ನಾನು, ತೂಕ ಇಳಿಸಿದವಳೂ ನಾನೇ. ನೀನು ಪೇಡೆ ತಿಂದ ಬಾಯಿ ಒರೆಸಿಕೊಂಡು ಡಾಕ್ಟರ ಮುಂದೆ ಕೂಡುತ್ತಿದ್ದೆ. ಆದರೂ ಗುಳಿಗೆ ಹತ್ತಿ ಬಸಿರು ನಿಂತದ್ದು ನಿನಗೆ. ಮೊನ್ನೆ ಅವ್ವ ಫೋನಿನಲ್ಲಿ, "ತಂಗಿನ್ನ ನೋಡಿ ಕಲಿ, ನೀನೂ ಒಂದೀಟು ತೂಕ ಇಳಸು" ಎಂದಳು. ಫೋನ್ ಇಟ್ಟುಬಿಟ್ಟೆ.

ಈ ಹಸಿರು ಕಣದ ಬಟ್ಟೆ ನನ್ನ ಕುಬಸಕ್ಕೆಂದು ತೆಗೆದಿಟ್ಟದ್ದು. ಹೊಲಿಗೆಯ ಒಳಗೆ ಹೆಚ್ಚು ಬಟ್ಟೆ ಬಿಟ್ಟಿದ್ದೇನೆ, ಕತ್ತರಿಸಬೇಡ. ಕೊಟ್ಟ ಕುಬಸವನ್ನು ಯಾರೂ ಮರಳಿ ಕೇಳುವುದಿಲ್ಲ, ಗೊತ್ತು. ಹೆರಿಗೆಯಾದ ಮೇಲೆ ಕಳಿಸು, ಬಿಚ್ಚಿ ನನ್ನ ಅಳತೆಗೆ ಹೊಲಿದುಕೊಳ್ಳುತ್ತೇನೆ.

ತೊಳೆಯಬೇಡ. ಬಸಿರಲ್ಲಿ ತೊಟ್ಟದ್ದನ್ನು ಹಾಗೆಯೇ ಕಳಿಸು.

ನಿನ್ನ ಅಕ್ಕ,
ಶೈಲಾ