ಹೊಟ್ಟೆ ಸೀಳಿದ ಬಂಗುಡೆ

14 ಏಪ್ರಿಲ್ 2004, ಬುಧವಾರ. ರಾಯಪುರಂ.

ಕಣ್ಣು ಮುಚ್ಚಿದರೆ ಅದೇ ಮೀನು. ಬಂಗುಡೆ ಮೊಟ್ಟೆಯಿಡುವ ಕಾಲ ಯಾವುದೆಂದು ಸಂಶೋಧನೆ ಮಾಡುತ್ತಿರುವ ಚಾರುಲತಾ ಮೇಡಂಗೆ ತಿಂಗಳಿಗೊಂದು ಬುಟ್ಟಿ ಮೀನು ಒದಗಿಸುವ ಮಾತು ಕೊಟ್ಟವನು ನಾನು. ಇಂದು ಅವರು ಬುಟ್ಟಿ ತೆರೆದರೆ ಎಲ್ಲದರ ಹೊಟ್ಟೆಯೂ ಖಾಲಿ!

"ಪಾವಂ ಸಾರ್, ಓದಿದ ಪೊಣ್ಣು, ಆ ಹುಡುಗಿ ಕೈ ಗಲೀಜಾಗ್ಬಾರ್ದು ಅಂತ ನಾನೇ ಕ್ಲೀನ್ ಮಾಡ್ಕೊಟ್ಟೆ," ಎಂದಳು ಮೀನು ಕೊಯ್ಯುವ ಅಂತೋಣಿಯಮ್ಮ. ಒಳ್ಳೆಯ ಗಿರಾಕಿಗೆ ಅವಳು ಪುಕ್ಕಟೆ ಮಾಡುವ ಮರ್ಯಾದೆ ಅದು.

"ಕೋಟ್ಯಾನ್ರೇ, ನಂಗೆ ಬೇಕಾಗಿದ್ದೇ ಅವಳು ಬಿಸಾಕಿದ್ದು. ಏಪ್ರಿಲ್ ತಪ್ಪಿದ್ರೆ ವರ್ಷದ ಕೆಲ್ಸ ಎಲ್ಲಾ ವೇಸ್ಟು," ಎಂದರು ಮೇಡಂ. ನಿನ್ನೆಯ ಮೀನನ್ನೂ ಇಂದಿನದೆಂದು ಮಾರಬಲ್ಲ ನಾನು, ತಿಂಗಳು ಮುಗಿಯುವುದರೊಳಗೆ ಇನ್ನೊಂದು ಬುಟ್ಟಿ ತಂದೇ ಕೊಡುತ್ತೇನೆಂದೆ.

ನಾಳೆಯಿಂದ ದೊಡ್ಡ ಬೋಟುಗಳು ಮೀನು ಹಿಡಿಯಲು ಸರ್ಕಾರದ ನಿಷೇಧ. ಸಣ್ಣ ದೋಣಿಗೆ ತಡೆಯಿಲ್ಲ. ಅದಕ್ಕೇ ಸಂಜೆ ತಿರುವೊಟ್ಟಿಯೂರಿಗೆ ಓಡಿ, ದೋಣಿಯ ದೇಸಿಂಗನ ಕೈಕಾಲು ಹಿಡಿದೆ. ಬಂಗುಡೆ ಬಿದ್ದರೆ ಬೇರೆ ಯಾರಿಗೂ ಕೊಡಬೇಡ, ತುಂಬ ದೊಡ್ಡ ಮೇಡಂ, ಮರ್ಯಾದೆಯಿಂದ ತಂದುಕೊಡು ಎಂದು ಅರ್ಧ ಗಂಟೆ ಕೊರೆದೆ.

ಗಾಳಿ ಏಳುತ್ತಿದೆ. ದೋಣಿ ಈಗಾಗಲೇ ಹೊರಟಿರಬೇಕು. ಅಷ್ಟೆಲ್ಲ ಹೇಳಿದೆ, ಹೊಟ್ಟೆ ಸೀಳಬೇಡ ಎಂಬುದೊಂದನ್ನು ಹೇಳಿದೆನೋ ಇಲ್ಲವೋ...